ಬಿಯರಿಗಿರುವ ಅಳತೆ ಕೂಸಿನ ಗಂಜಿಗೆ ಏಕಿಲ್ಲ?

ಮೊಳಕೆ ಬರಿಸಿದ ರಾಗಿಯ ಹಿಟ್ಟು ಈಗ ಕಿರಾಣಿ ಅಂಗಡಿಯಲ್ಲೂ ಸಿಗುತ್ತದೆ, ಔಷಧಿ ಅಂಗಡಿಯಲ್ಲೂ ಸಿಗುತ್ತದೆ. ಪೊಟ್ಟಣದ ಜೊತೆಗೆ ಒಂದು ನಂಬಿಕೆಯೂ ಬಿಕರಿಯಾಗುತ್ತಿದೆ: ಮೊಳಕೆ ಬಂದರೆ ಕಾಳಿನ ಪ್ರೋಟೀನ್ ದುಪ್ಪಟ್ಟಾಗುತ್ತದಂತೆ. ಇದು ಸುಳ್ಳು. ಸುಳ್ಳೆಂದು ತಿಳಿಯಲು ಪ್ರಯೋಗಶಾಲೆಯೂ ಬೇಡ. ಪ್ರೋಟೀನ್ ಕಟ್ಟಲು ಸಾರಜನಕ ಬೇಕು. ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಿಟ್ಟ ಕಾಳಿಗೆ ಸಿಗುವುದು ನೀರು ಮತ್ತು ಗಾಳಿ. ಗಾಳಿಯಲ್ಲಿರುವ ಸಾರಜನಕವನ್ನು ರಾಗಿ ತಾನಾಗಿ ಹಿಡಿದುಕೊಳ್ಳಲಾರದು. ಹಾಗಾದರೆ ಕೆಲವು ಪೊಟ್ಟಣಗಳಲ್ಲಿ ಪ್ರೋಟೀನಿನ ಅಂಕಿ ತುಸು ಮೇಲೇರಿರುವುದು ಹೇಗೆ? ಲೆಕ್ಕ ಸರಳ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಕೋಷ್ಟಕದ ಪ್ರಕಾರ 100 ಗ್ರಾಂ ರಾಗಿಯಲ್ಲಿ ಪ್ರೋಟೀನ್ 7 ಗ್ರಾಮಿಗಿಂತ ಸ್ವಲ್ಪವೇ ಹೆಚ್ಚು. ಮೊಳೆಯುವಾಗ ಕಾಳು ಉಸಿರಾಡುತ್ತದೆ, ಉಸಿರಾಟಕ್ಕೆ ತನ್ನ ಪಿಷ್ಟವನ್ನು ಉರಿಸುತ್ತದೆ. ಹೀಗೆ 10 ಗ್ರಾಂ ಪಿಷ್ಟ ಕರಗಿಹೋಯಿತು ಎಂದಿಟ್ಟುಕೊಳ್ಳಿ. ಅದೇ 7 ಗ್ರಾಂ ಪ್ರೋಟೀನ್ ಈಗ 90 ಗ್ರಾಂ ಕಾಳಿನಲ್ಲಿದೆ, ಅಂದರೆ ಶೇಕಡಾ 7.8. ಕಾಳು ಬಡವಾಗಿದ್ದನ್ನೇ ನಾವು ಶ್ರೀಮಂತಿಕೆ ಎಂದು ಓದುತ್ತಿದ್ದೇವೆ.

ಆದರೆ ಈ ಸುಳ್ಳನ್ನು ಬಯಲು ಮಾಡಿ, ಮೊಳಕೆಯೆಲ್ಲ ಬರೀ ಬೊಗಳೆ ಎಂದು ಕೈ ತೊಳೆದುಕೊಳ್ಳುವುದೂ ಅಷ್ಟೇ ದೊಡ್ಡ ತಪ್ಪು. ಮೊಳೆಯುವ ಧಾನ್ಯದಲ್ಲಿ ಪ್ರೋಟೀನಿಗೆ ಏನೋ ಆಗುತ್ತದೆ, ಬಹಳ ದೊಡ್ಡದಾಗಿಯೇ ಆಗುತ್ತದೆ. ಅದು ಹೆಚ್ಚುವುದಿಲ್ಲ, ಬಿಚ್ಚಿಕೊಳ್ಳುತ್ತದೆ. ಬಿಚ್ಚುವ ಕೆಲಸ ಮಾಡುವವು ಪ್ರೋಟಿಯೇಸ್ ಎಂಬ ಕಿಣ್ವಗಳು. ನಮ್ಮ ಪೊಟ್ಟಣಗಳ ಮೇಲೆ ಅಚ್ಚಾಗುವ ಯಾವ ಸಂಖ್ಯೆಗೂ ಈ ಕಿಣ್ವಗಳ ದುಡಿಮೆ ಕಾಣಿಸುವುದಿಲ್ಲ ಎಂಬುದು ನನ್ನ ತಕರಾರು. ಕಾಣಿಸದ್ದರಿಂದಲೇ ನಿಜವಾಗಿ ಮೊಳಕೆ ಬರಿಸಿದವನಿಗೂ ಬರಿಸದೆ ಹೆಸರು ಹಾಕಿಕೊಂಡವನಿಗೂ ವ್ಯತ್ಯಾಸ ಇಲ್ಲದಾಗಿದೆ.

ಒಂದು ಕಾಳಿನೊಳಗೆ ಏನಿದೆ ನೋಡೋಣ. ಮೂಲೆಯಲ್ಲಿ ಪುಟ್ಟ ಭ್ರೂಣ. ಉಳಿದ ಜಾಗವೆಲ್ಲ ಪಿಷ್ಟ ಮತ್ತು ಪ್ರೋಟೀನ್ ತುಂಬಿದ ತಿರುಳು. ತಿರುಳಿನ ಸುತ್ತ ಅಲ್ಯುರೋನ್ ಎಂಬ ತೆಳುವಾದ ಜೀವಂತ ಪದರ. ತಿರುಳು ಒಂದು ಕಣಜ, ಅದರಲ್ಲಿ ಜೀವವಿಲ್ಲ. ಈ ಪದರವೇ ಜೀರ್ಣರಸ ಒಸರುತ್ತದೆ ಎಂದು ಸಸ್ಯವಿಜ್ಞಾನಿ ಹಾಬರ್‌ಲಾಂಟ್ 1890ರಲ್ಲೇ ರೈ ಧಾನ್ಯದಲ್ಲಿ ಗುರುತಿಸಿದ್ದ. ಒಸರಲು ಹೇಳುವವರು ಯಾರು ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು 1960ರಲ್ಲಿ. ಆಸ್ಟ್ರೇಲಿಯಾದಲ್ಲಿ ಪೇಲೆಗ್, ಜಪಾನಿನಲ್ಲಿ ಯೋಮೋ, ಒಬ್ಬರಿಗೊಬ್ಬರು ಸಂಬಂಧವಿಲ್ಲದೆ ಒಂದೇ ವಿಷಯ ಕಂಡುಕೊಂಡರು. ಬಾರ್ಲಿ ಕಾಳನ್ನು ಅಡ್ಡ ಕತ್ತರಿಸಿ ಭ್ರೂಣವಿರುವ ತುಂಡನ್ನು ಎಸೆದರೆ ಉಳಿದ ತುಂಡು ನೀರಿನಲ್ಲಿ ಸುಮ್ಮನೆ ಬಿದ್ದಿರುತ್ತದೆ; ಅದಕ್ಕೆ ಜಿಬ್ಬರೆಲಿನ್ ಎಂಬ ಹಾರ್ಮೋನಿನ ಚೂರು ಸೋಕಿಸಿದರೆ ಸಾಕು, ಭ್ರೂಣ ಇದ್ದಾಗಿನಂತೆಯೇ ಪಿಷ್ಟ ಕರಗತೊಡಗುತ್ತದೆ. ಭತ್ತದ ಸಸಿಗಳನ್ನು ಸಣಕಲಾಗಿ ಎತ್ತರಕ್ಕೆ ಎಳೆಯುವ ಒಂದು ಬೂಷ್ಟಿನ ರೋಗವನ್ನು ಕುರೊಸಾವ 1926ರಲ್ಲಿ ಬೆನ್ನಟ್ಟಿದ್ದರಿಂದ ಬೆಳಕಿಗೆ ಬಂದ ವಸ್ತು ಇದು. ಪಿಷ್ಟ ಕರಗಿಸುವ ಅಮೈಲೇಸ್ ಮಾತ್ರವಲ್ಲ, ಪ್ರೋಟೀನ್ ಕಡಿಯುವ ಪ್ರೋಟಿಯೇಸ್ ಕೂಡ ಇದೇ ಹಾರ್ಮೋನಿನ ಅಪ್ಪಣೆಗೆ ಅಲ್ಯುರೋನಿನಲ್ಲಿ ಹೊಸದಾಗಿ ತಯಾರಾಗುತ್ತದೆ ಎಂದು 1967ರಲ್ಲಿ ಜೇಕಬ್‌ಸನ್ ಮತ್ತು ವಾರ್ನರ್ ತೋರಿಸಿದರು.

ಪಾಠಪುಸ್ತಕಗಳು ಅಮೈಲೇಸಿಗೆ ಪುಟಗಟ್ಟಲೆ ಕೊಟ್ಟು ಪ್ರೋಟಿಯೇಸನ್ನು ಒಂದು ಸಾಲಿನಲ್ಲಿ ಮುಗಿಸುತ್ತವೆ. ಇದು ಅನ್ಯಾಯ. ತಿರುಳಿನಲ್ಲಿ ಪಿಷ್ಟದ ಹರಳುಗಳು ಬಿಡಿಬಿಡಿಯಾಗಿ ಬಿದ್ದಿಲ್ಲ, ಗಾರೆಯಲ್ಲಿ ಹುಗಿದ ಕಲ್ಲುಗಳಂತೆ ಪ್ರೋಟೀನಿನ ನಡುವೆ ಹುದುಗಿವೆ. ಗಾರೆ ಸಡಿಲವಾಗದೆ ಅಮೈಲೇಸ್ ಒಳಗೆ ಕಾಲಿಡಲಾರದು. ಇಷ್ಟೇ ಅಲ್ಲ, ಬಾರ್ಲಿಯಲ್ಲಿ ಬೀಟಾ ಅಮೈಲೇಸ್ ಎಂಬ ಇನ್ನೊಂದು ಕಿಣ್ವದ ಒಂದು ಪಾಲು ಕಾಳು ಬಲಿಯುವಾಗಲೇ ಪ್ರೋಟೀನಿಗೆ ಅಂಟಿಕೊಂಡು ಸೆರೆಯಾಗಿರುತ್ತದೆ. ಅದನ್ನು ಬಿಡಿಸುವುದೂ ಪ್ರೋಟಿಯೇಸೇ. ಈ ಪ್ರೋಟಿಯೇಸ್ ಒಂದೇ ಒಂದು ಎಂದುಕೊಳ್ಳಬೇಡಿ. 1995ರಲ್ಲಿ ಅಮೆರಿಕದ ಸಂಶೋಧಕರು ಮೊಳೆತ ಬಾರ್ಲಿಯಲ್ಲಿ ಪ್ರೋಟೀನಿನ ಸರವನ್ನು ನಡುವೆ ತುಂಡರಿಸುವ ಕಿಣ್ವಗಳನ್ನು ಬೇರ್ಪಡಿಸಿದಾಗ ಲೆಕ್ಕ 40 ದಾಟಿತ್ತು. ಕೆಲವು ಸರವನ್ನು ನಡುವೆ ಕಡಿಯುತ್ತವೆ, ಕೆಲವು ಕಡಿದ ತುಂಡಿನ ತುದಿಯಿಂದ ಒಂದೊಂದೇ ಅಮೈನೋ ಆಮ್ಲವನ್ನು ಕಳಚುತ್ತವೆ. ಅಲ್ಯುರೋನ್ ಪದರ ಆಮ್ಲ ಸ್ರವಿಸಿ ತಿರುಳನ್ನು ಹುಳಿಯಾಗಿಸುತ್ತದೆ, ಏಕೆಂದರೆ ಇವುಗಳಲ್ಲಿ ಮುಖ್ಯವಾದವು ಹುಳಿಯಲ್ಲೇ ಚುರುಕು. ಕಳಚಿದ ತುಣುಕುಗಳನ್ನು ಭ್ರೂಣದ ಬದಿಯ ಒಂದು ಬಿಲ್ಲೆಯಂಥ ಅಂಗ ಹೀರಿಕೊಂಡು ಎಳೆ ಬೇರಿಗೆ, ಕುಡಿಗೆ ದಾಟಿಸುತ್ತದೆ. ತಾಯಿಗಿಡ ಗಂಟು ಕಟ್ಟಿಟ್ಟ ಬುತ್ತಿಯನ್ನು ಮರಿಗಿಡ ಬಿಚ್ಚಿ ಉಣ್ಣುವುದು ಹೀಗೆ. ನಾವು ಮೊಳಕೆಯನ್ನು ಅರ್ಧದಲ್ಲೇ ಒಣಗಿಸಿ ನಿಲ್ಲಿಸುವುದೆಂದರೆ, ಬಿಚ್ಚಿದ ಬುತ್ತಿಯನ್ನು ಮರಿಗಿಡದ ಬಾಯಿಂದ ಕಿತ್ತು ನಮ್ಮ ಮಗುವಿಗೆ ಕೊಡುವುದು.

ರಾಗಿಯ ವಿಷಯದಲ್ಲಿ ಈ ಕಥೆಗೆ ಕರ್ನಾಟಕದ್ದೇ ಒಂದು ಅಧ್ಯಾಯವಿದೆ. ಕಾಳು ತನ್ನ ಪ್ರೋಟೀನನ್ನು ಕೂಡಿಡುವುದಷ್ಟೇ ಅಲ್ಲ, ಕಾವಲೂ ಹಾಕುತ್ತದೆ. ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ಜೀವರಸಾಯನ ವಿಭಾಗದಲ್ಲಿ ಶಿವರಾಜ್ ಮತ್ತು ಪಟ್ಟಾಭಿರಾಮನ್ 1981ರಲ್ಲಿ ರಾಗಿಯಿಂದ ಒಂದು ವಿಚಿತ್ರ ಪ್ರೋಟೀನನ್ನು ವಿವರಿಸಿದರು. ಒಂದೇ ಅಣು ಎರಡು ಕಿಣ್ವಗಳ ಕೈ ಕಟ್ಟುತ್ತದೆ: ಪಿಷ್ಟ ಜೀರ್ಣಿಸುವ ಅಮೈಲೇಸ್, ಪ್ರೋಟೀನ್ ಜೀರ್ಣಿಸುವ ಟ್ರಿಪ್ಸಿನ್. ಎರಡೂ ಕೆಲಸ ಏಕಕಾಲಕ್ಕೆ ಮಾಡಬಲ್ಲದು. ಕೇವಲ 122 ಅಮೈನೋ ಆಮ್ಲಗಳ ಈ ಸಣ್ಣ ಪ್ರೋಟೀನಿನೊಳಗೆ ಗಂಧಕದ ಐದು ಕೊಂಡಿಗಳಿವೆ. ಅದು ಅಷ್ಟು ಗಟ್ಟಿಯಾಗಿರುವುದಕ್ಕೆ ಅದೇ ಕಾರಣ. ಹುಳುಗಳ ಹೊಟ್ಟೆ ಕೆಡಿಸಲು ಕಾಳು ಇಟ್ಟುಕೊಂಡ ಆಯುಧ ಇದು ಎಂಬುದು ಒಪ್ಪಿತವಾದ ವಿವರಣೆ. ಮೊಳೆಯುವ ಹೊತ್ತಿಗೆ ಕಾಳಿಗೆ ಕಾವಲು ಬೇಡ, ಬುತ್ತಿ ಬೇಕು. ಇಂಥ ತಡೆಗಾರ ಪ್ರೋಟೀನುಗಳ ಜೋರು ಮೊಳಕೆಯ ದಿನಗಳಲ್ಲಿ ಇಳಿಯುತ್ತದೆ. ರಾಗಿಯ ಕಬ್ಬಿಣ, ಸತುವುಗಳನ್ನು ಹಿಡಿದಿಟ್ಟುಕೊಳ್ಳುವ ಫೈಟೇಟ್ ಕೂಡ ಈ ಅವಧಿಯಲ್ಲೇ ಕರಗುತ್ತದೆ, ಅದು ಬೇರೆ ಕಿಣ್ವದ ಕೆಲಸ.

ಇನ್ನು ಅಳತೆಯ ವಿಷಯ. ಪೊಟ್ಟಣದ ಮೇಲೆ ಪ್ರೋಟೀನ್ ಇಷ್ಟು ಗ್ರಾಂ ಎಂದು ಬರೆಯುವ ಅಂಕಿ ಬರುವುದು ಬಹುಪಾಲು ಒಂದು ಹಳೆಯ ವಿಧಾನದಿಂದ. ಹಿಟ್ಟನ್ನು ಗಂಧಕಾಮ್ಲದಲ್ಲಿ ಕುದಿಸಿ, ಅದರೊಳಗಿನ ಸಾರಜನಕವನ್ನು ಅಳೆದು, 6.25ರಿಂದಲೋ ಅದರ ಆಸುಪಾಸಿನ ಅಂಕಿಯಿಂದಲೋ ಗುಣಿಸುತ್ತಾರೆ. 1883ರಲ್ಲಿ ಇದನ್ನು ಪ್ರಕಟಿಸಿದವನು ಯೋಹಾನ್ ಕೆಲ್ಡಾಲ್. ಆತ ಕೆಲಸ ಮಾಡುತ್ತಿದ್ದದ್ದು ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಬಿಯರ್ ಕಂಪನಿಯ ಪ್ರಯೋಗಾಲಯದಲ್ಲಿ, ಎದುರಿಗಿದ್ದ ಸಮಸ್ಯೆ ಬಾರ್ಲಿಯ ಪ್ರೋಟೀನ್. ಹೀಗೆ ಬಿಯರಿಗಾಗಿ ಹುಟ್ಟಿದ ಪರೀಕ್ಷೆ ಇಂದು ಜಗತ್ತಿನ ಮಕ್ಕಳ ಆಹಾರವನ್ನೆಲ್ಲ ಅಳೆಯುತ್ತಿದೆ. ತೊಂದರೆ ಅದರಲ್ಲಿಲ್ಲ. ಕುದಿಯುವ ಆಮ್ಲಕ್ಕೆ ಇಡೀ ಪ್ರೋಟೀನೂ ಒಂದೇ, ತುಂಡಾದ ಪ್ರೋಟೀನೂ ಒಂದೇ, ಬಿಡಿ ಅಮೈನೋ ಆಮ್ಲವೂ ಒಂದೇ; ಎಲ್ಲದರಿಂದಲೂ ಅದು ಸಾರಜನಕವನ್ನಷ್ಟೇ ಎಣಿಸುತ್ತದೆ. ಎರಡು ದಿನ 40 ಬಗೆಯ ಕಿಣ್ವಗಳು ಬೆವರು ಸುರಿಸಿ ದುಡಿದದ್ದು ಈ ಲೆಕ್ಕದಲ್ಲಿ ಸೊನ್ನೆ.

ಬಿಯರ್ ತಯಾರಕರು ಇದನ್ನು ಬಹಳ ಹಿಂದೆಯೇ ಅರಿತರು. ಅವರು ಒಟ್ಟು ಸಾರಜನಕದ ಅಂಕಿಯಲ್ಲಿ ನಿಲ್ಲಲಿಲ್ಲ. ಮಾಲ್ಟಿನ, ಅಂದರೆ ಮೊಳಕೆ ಬರಿಸಿ ಒಣಗಿಸಿದ ಧಾನ್ಯದ, ಒಟ್ಟು ಸಾರಜನಕದಲ್ಲಿ ನೀರಿಗೆ ಬಿಟ್ಟುಕೊಳ್ಳುವ ಪಾಲು ಶೇಕಡಾ ಎಷ್ಟು ಎಂದು ಬೇರೆಯಾಗಿ ಅಳೆಯುತ್ತಾರೆ. ಅದಕ್ಕೆ ಕೋಲ್‌ಬಾಕ್ ಸೂಚ್ಯಂಕ ಎಂದು ಹೆಸರು. ಸುಮಾರು 40ರ ಆಸುಪಾಸು ಇದ್ದರೆ ಮೊಳಕೆ ಹದವಾಗಿದೆ ಎಂದರ್ಥ. ತೀರಾ ಕಡಿಮೆಯಾದರೆ ಪ್ರೋಟಿಯೇಸ್ ಸರಿಯಾಗಿ ದುಡಿದಿಲ್ಲ, ಯೀಸ್ಟಿಗೆ ಅಮೈನೋ ಆಮ್ಲ ಸಾಲುವುದಿಲ್ಲ. ಹೆಚ್ಚಾದರೆ ನೊರೆ ನಿಲ್ಲುವುದಿಲ್ಲ. ಮಾಲ್ಟ್ ಕೊಳ್ಳುವವನು ಈ ಅಂಕಿ ಕೇಳಿಯೇ ದುಡ್ಡು ಕೊಡುತ್ತಾನೆ. ಸಂಜೆಯ ಬಾಟಲಿಯ ನೊರೆಗೆ ಇರುವ ಈ ಎಚ್ಚರ ಕೂಸಿನ ಬಟ್ಟಲಿನ ಗಂಜಿಗೆ ಇಲ್ಲ. ಬಿಯರಿನ ಯೀಸ್ಟಿಗೆ ಸಿಗುವ ಅಮೈನೋ ಆಮ್ಲದ ಲೆಕ್ಕ ಇಟ್ಟಿದ್ದೇವೆ, ಮಗುವಿಗೆ ಸಿಗುವುದರ ಲೆಕ್ಕ ಇಟ್ಟಿಲ್ಲ.

ಇಲ್ಲಿ ಒಬ್ಬ ಜಾಣ ಓದುಗ ಎದ್ದು ಕೇಳಬಹುದು: ಮಗುವಿನ ಹೊಟ್ಟೆಯಲ್ಲಿ ಪೆಪ್ಸಿನ್ ಇದೆ, ಟ್ರಿಪ್ಸಿನ್ ಇದೆ, ಅವೂ ಪ್ರೋಟಿಯೇಸುಗಳೇ, ಹೊಟ್ಟೆ ಮಾಡಬೇಕಾದ್ದನ್ನು ಕಾಳು ಮೊದಲೇ ಏಕೆ ಮಾಡಿಕೊಡಬೇಕು? ನ್ಯಾಯವಾದ ಪ್ರಶ್ನೆ. ಹಾಲು, ಮೊಟ್ಟೆಯ ಪ್ರೋಟೀನಿನ ಮಟ್ಟಿಗೆ ಈ ವಾದ ನಿಲ್ಲುತ್ತದೆ. ಧಾನ್ಯಗಳಲ್ಲಿ ಹಾಗಲ್ಲ. ಪೆರು ದೇಶದಲ್ಲಿ ಅಪೌಷ್ಟಿಕತೆಯಿಂದ ಚೇತರಿಸಿಕೊಳ್ಳುತ್ತಿದ್ದ ಪುಟ್ಟ ಮಕ್ಕಳಿಗೆ ಜೋಳದ ಗಂಜಿ ಕೊಟ್ಟು ನಡೆಸಿದ, 1981ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಜೋಳದ ಪ್ರೋಟೀನ್ ಜೀರ್ಣವಾದದ್ದು ಶೇಕಡಾ 46 ಮಾತ್ರ; ಗೋಧಿಯದಕ್ಕೆ ಹೋಲಿಕೆಯ ಅಂಕಿ 81. ಕೋಷ್ಟಕದಲ್ಲಿ ನೋಡಿದರೆ ಜೋಳದ ಪ್ರೋಟೀನು ಗೋಧಿಗೆ ಹೆಚ್ಚುಕಡಿಮೆ ಸಮ, ಎರಡೂ 10 ಗ್ರಾಂ ಸುಮಾರು. ಗ್ರಾಂ ಒಂದೇ ಇದ್ದರೂ ಮೈಗೆ ಹತ್ತಿದ್ದು ಒಂದೇ ಅಲ್ಲ. ಬೇಯಿಸಿದಾಗ ಜೋಳದ ಕೂಡಿಟ್ಟ ಪ್ರೋಟೀನುಗಳು ಗಂಧಕದ ಕೊಂಡಿಗಳಿಂದ ಒಂದಕ್ಕೊಂದು ಹೆಣೆದುಕೊಂಡು ಬಿಗಿಯಾಗುತ್ತವೆ, ಪೆಪ್ಸಿನ್ನಿಗೆ ಬಗ್ಗುವುದಿಲ್ಲ. ಬೇಯಿಸುವ ಮೊದಲೇ ಅವನ್ನು ಕತ್ತರಿಸಿಟ್ಟರೆ ಹೆಣೆದುಕೊಳ್ಳಲು ಉದ್ದದ ಎಳೆಗಳು ಅಷ್ಟು ಉಳಿಯುವುದಿಲ್ಲ. ರೊಟ್ಟಿ ತಿಂದು ಹೊಲ ಉಳುವ ಗಟ್ಟಿಗನಿಗೆ ಈ ವ್ಯತ್ಯಾಸ ಲೆಕ್ಕಕ್ಕಿಲ್ಲ. ದಿನಕ್ಕೆ ನಾಲ್ಕು ಚಮಚ ತಿನ್ನುವ ಎಂಟು ತಿಂಗಳ ಕೂಸಿಗೆ ಇದೆ.

ಎಂಟು ತಿಂಗಳ ಕೂಸಿನ ಇನ್ನೊಂದು ಕಷ್ಟ ಹೊಟ್ಟೆಯ ಗಾತ್ರ. ಬರೀ ರಾಗಿ ಹಿಟ್ಟಿನ ಸರಿ ಕುದಿಯುತ್ತಿದ್ದಂತೆ ಗಟ್ಟಿಯಾಗುತ್ತದೆ; ನುಂಗಲಾಗಲಿ ಎಂದು ತಾಯಿ ನೀರು ಹೊಯ್ಯುತ್ತಾಳೆ; ಹೊಟ್ಟೆ ತುಂಬುತ್ತದೆ, ಅನ್ನ ಹೋಗಿರುವುದಿಲ್ಲ. ಮೊಳಕೆ ಕಟ್ಟಿ ಒಣಗಿಸಿದ ಹಿಟ್ಟಿನಲ್ಲಿ ಪಿಷ್ಟ ತುಂಡಾಗುವುದರಿಂದ ಅಷ್ಟೇ ಹಿಟ್ಟು ಹಾಕಿದರೂ ಗಂಜಿ ತೆಳುವಾಗಿಯೇ ಉಳಿಯುತ್ತದೆ. ನಮ್ಮ ಮನೆಗಳ ಹಿರಿಯ ಹೆಂಗಸರಿಗೆ ಇದು ಗೊತ್ತಿತ್ತು, ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ ಅದನ್ನು ಶಾಸ್ತ್ರವಾಗಿ ಅಳೆಯಿತು. ಅಲ್ಲಿನ ದೇಸಿಕಾಚಾರ್ ಮತ್ತು ಮಲ್ಲೇಶಿ 1980ರ ದಶಕದ ಆರಂಭದಲ್ಲೇ ಮೊಳಕೆ ರಾಗಿ ಮತ್ತು ಹೆಸರುಕಾಳು ಸೇರಿಸಿ, ಬಿಸಿಯಲ್ಲೂ ತೆಳುವಾಗಿ ಉಳಿಯುವ ಕೂಸಿನ ಆಹಾರವನ್ನು ರೂಪಿಸಿದರು. ಬರೋಡಾದಲ್ಲಿ ತಾರಾ ಗೋಪಾಲದಾಸ್ ಅವರ ತಂಡ ಇನ್ನೂ ಅಗ್ಗದ ದಾರಿ ತೋರಿಸಿತು: ಇಡೀ ಗಂಜಿ ಮೊಳಕೆಯದೇ ಆಗಬೇಕಿಲ್ಲ, ಗಟ್ಟಿ ಗಂಜಿಗೆ ಮೊಳಕೆ ಹಿಟ್ಟಿನ ಒಂದೆರಡು ಚಿಕ್ಕ ಚಮಚ ಬೆರೆಸಿದರೂ ಅದು ಇಳಿದು ನೀರಾಗುತ್ತದೆ. ಹೀಗೆ ತೆಳುವಾಗಿಸುವ ಕೀರ್ತಿಯೆಲ್ಲ ಅಮೈಲೇಸಿಗೆ ಹೋಗಿದೆ. ಗಾರೆ ಒಡೆದು ದಾರಿ ಮಾಡಿಕೊಟ್ಟವರ ಹೆಸರನ್ನು ಯಾರೂ ಹೇಳುವುದಿಲ್ಲ.

ಹಾಗೆಂದು ಮೊಳಕೆಯನ್ನು ದೇವರ ಪ್ರಸಾದ ಮಾಡುವುದೂ ಬೇಡ. ಧಾನ್ಯಗಳಲ್ಲಿ ಕೊರತೆಯಿರುವ ಅಮೈನೋ ಆಮ್ಲ ಲೈಸಿನ್; ಮೊಳಕೆಯಿಂದ ಅದು ಅಲ್ಪಸ್ವಲ್ಪ ಸುಧಾರಿಸಿದರೂ ಬೇಳೆಕಾಳಿನ, ಹಾಲಿನ, ಮೊಟ್ಟೆಯ ಜಾಗ ತುಂಬಲಾರದು. ಮೈಸೂರಿನವರು ಹೆಸರುಕಾಳು ಬೆರೆಸಿದ್ದು ರುಚಿಗಲ್ಲ. ಮಾಲ್ಟ್ ಕೊಟ್ಟೆವಲ್ಲ, ಇನ್ನು ಮೊಟ್ಟೆ ಏಕೆ ಎನ್ನುವವರಿಗೆ ಈ ಲೇಖನದಲ್ಲಿ ಯಾವ ಆಸರೆಯೂ ಸಿಗುವುದಿಲ್ಲ. ಮೊಳಕೆ ಹಿಟ್ಟಿನಲ್ಲಿ ಸಕ್ಕರೆಗಳು ಬಿಡುಗಡೆಯಾಗಿರುವುದರಿಂದ ಸಕ್ಕರೆ ಕಾಯಿಲೆಯವರು ಅದನ್ನು ಔಷಧಿಯೆಂದು ಕುಡಿಯುವುದು ತಲೆಕೆಳಗಾದ ಲೆಕ್ಕ. ಮುದ್ದೆಗಂತೂ ಅದು ಬಾರದು. ಗಟ್ಟಿಯಾಗಿ ನಿಲ್ಲುವ ಪಿಷ್ಟವನ್ನೇ ಕತ್ತರಿಸಿದ ಮೇಲೆ ಮುದ್ದೆ ತಟ್ಟೆಯಲ್ಲಿ ಕೂರುವುದು ಹೇಗೆ? ಜೋಳದ ಮೊಳಕೆಯಲ್ಲಿ ಇನ್ನೂ ಒಂದು ಅಪಾಯವಿದೆ: ಅದರ ಎಳೆ ಬೇರು, ಕುಡಿಗಳಲ್ಲಿ ಸಯನೈಡ್ ಬಿಡುವ ಧುರಿನ್ ಎಂಬ ವಸ್ತು ಶೇಖರವಾಗುತ್ತದೆ, ಒಣಗಿಸಿ ಅವನ್ನು ಉಜ್ಜಿ ತೆಗೆಯಲೇಬೇಕು. ಗೋಧಿ ಮೊಳೆತರೆ ಗ್ಲುಟೆನ್ ಮಾಯವಾಗುತ್ತದೆ ಎಂಬ ಪ್ರಚಾರ ಇವೆಲ್ಲಕ್ಕಿಂತ ಕೆಟ್ಟದ್ದು. ಪ್ರೋಟಿಯೇಸುಗಳು ಗ್ಲುಟೆನ್ನನ್ನು ಕಡಿಯುತ್ತವೆ ನಿಜ, ಪೂರ್ತಿಯಾಗಿ ಕಡಿಯುವುದಿಲ್ಲ. ಮೊಳೆತ ಬಾರ್ಲಿಯ ಒಂದು ಪ್ರೋಟಿಯೇಸನ್ನು ಬ್ಯಾಕ್ಟೀರಿಯಾದ ಇನ್ನೊಂದು ಕಿಣ್ವದ ಜೊತೆ ಸೇರಿಸಿ, ಗ್ಲುಟೆನ್ ಒಗ್ಗದ ಸೀಲಿಯಾಕ್ ರೋಗಕ್ಕೆ ಮದ್ದು ಮಾಡಲು ವಿಜ್ಞಾನಿಗಳು ವರ್ಷಗಟ್ಟಲೆ ಪ್ರಯತ್ನಿಸಿದ್ದಾರೆ. ಜೊತೆಗಾರ ಬೇಕಾಯಿತು ಎಂಬುದೇ ಒಂಟಿ ಕಿಣ್ವದ ಮಿತಿಗೆ ಸಾಕ್ಷಿ. ಆ ರೋಗವಿರುವವರು ಮೊಳಕೆ ಗೋಧಿಯನ್ನೂ ಮುಟ್ಟಬಾರದು.

ಶುಚಿತ್ವದ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಬೆಚ್ಚಗೆ, ಒದ್ದೆಯಾಗಿ, ಎರಡು ದಿನ ಇಟ್ಟ ಕಾಳಿನಲ್ಲಿ ಮೊಳಕೆಯಷ್ಟೇ ಸಲೀಸಾಗಿ ಬ್ಯಾಕ್ಟೀರಿಯಾ, ಬೂಷ್ಟುಗಳೂ ಬೆಳೆಯುತ್ತವೆ. 2011ರಲ್ಲಿ ಜರ್ಮನಿಯಲ್ಲಿ ಹಸಿಯಾಗಿ ತಿಂದ ಮೆಂತ್ಯದ ಮೊಳಕೆಯಿಂದ ಹಬ್ಬಿದ ಸೋಂಕಿಗೆ 50ಕ್ಕೂ ಹೆಚ್ಚು ಮಂದಿ ಬಲಿಯಾದರು. ರಾಗಿಯ ಮೊಳಕೆಯನ್ನು ನಾವು ಹಸಿಯಾಗಿ ತಿನ್ನುವುದಿಲ್ಲ. ಒಣಗಿಸಿ, ಹುರಿದು, ಮತ್ತೆ ಕುದಿಸುತ್ತೇವೆ. ಅಪಾಯ ಅಲ್ಲಿಗೆ ಬಹುಪಾಲು ಮುಗಿಯುತ್ತದೆ, ಬೂಷ್ಟು ಹಿಡಿದ ಗಂಟನ್ನು ಎಸೆಯದೆ ಬೀಸಿದರೆ ಮಾತ್ರ ಮುಗಿಯುವುದಿಲ್ಲ. ಇದೇ ಕಾರಣಕ್ಕೆ ಮೊಳಕೆ ಬರಿಸುವುದು ಖರ್ಚಿನ ಕೆಲಸ: ನೀರು, ಜಾಗ, ಎರಡು ದಿನದ ಕಾವಲು, ಒಣಗಿಸುವ ವ್ಯವಸ್ಥೆ, ಜೊತೆಗೆ ಕಾಳಿನ ತೂಕದಲ್ಲಿ ನಷ್ಟ. ಹುರಿದು ಬೀಸಿದ ಹಿಟ್ಟಿಗೆ ಸಕ್ಕರೆ, ಏಲಕ್ಕಿ ಬೆರೆಸಿ ಮಾಲ್ಟ್ ಎಂದು ಹೆಸರಿಟ್ಟರೆ ಇದಾವುದೂ ಬೇಡ. ಗ್ರಾಂ ಲೆಕ್ಕದಲ್ಲಿ ಎರಡೂ ಒಂದೇ ಕಾಣುವವರೆಗೆ ಪ್ರಾಮಾಣಿಕನೇ ನಷ್ಟದಲ್ಲಿರುತ್ತಾನೆ.

ಕಾನೂನಿನಲ್ಲಿ ಆಧಾರ ಇಲ್ಲವೆಂದೇನಿಲ್ಲ. ಮಾಲ್ಟ್ ಆಧಾರಿತ ಆಹಾರವನ್ನು ವಿವರಿಸುವಾಗ ನಮ್ಮ ಆಹಾರ ಸುರಕ್ಷತಾ ನಿಯಮಗಳೇ ಮಾಲ್ಟ್ ಎಂದರೆ ಧಾನ್ಯವನ್ನು ನೆನೆಸಿ, ಹತೋಟಿಯಲ್ಲಿ ಮೊಳಕೆ ಬರಿಸಿ, ಕಾಯಿಸಿ ಒಣಗಿಸಿದ್ದು ಎನ್ನುತ್ತವೆ. ಆಡುಮಾತಿನಲ್ಲಿ ಮಾತ್ರ ರಾಗಿ ಮಾಲ್ಟ್ ಎಂದರೆ ಹಾಲಿನಲ್ಲಿ ಕದಡಿದ ಯಾವ ರಾಗಿ ಹಿಟ್ಟಾದರೂ ಆಗಿಬಿಟ್ಟಿದೆ. ಮನೆಮಾತನ್ನು ತಿದ್ದುವ ಅಗತ್ಯವಿಲ್ಲ. ಪೊಟ್ಟಣದ ಮೇಲಿನ ಮಾತನ್ನು ತಿದ್ದಬೇಕು. ಮಾಲ್ಟ್ ಅಥವಾ ಮೊಳಕೆ ಎಂದು ಬರೆಯುವವರು ಎಷ್ಟು ಗಂಟೆ ಮೊಳಕೆ ಬರಿಸಲಾಗಿದೆ, ಮಿಶ್ರಣದಲ್ಲಿ ಮೊಳಕೆಯ ಪಾಲೆಷ್ಟು, ಒಟ್ಟು ಸಾರಜನಕದಲ್ಲಿ ಕರಗುವ ಪಾಲು ಶೇಕಡಾ ಎಷ್ಟು ಎಂಬುದನ್ನು ಅಚ್ಚು ಹಾಕಲಿ. ರಾಗಿಗೆ ಬಾರ್ಲಿಯ ಅಂಕಿಯನ್ನೇ ಹೊರಿಸಬೇಕಿಲ್ಲ. ರಾಗಿಗೆ ಹೊಂದುವ ಮಿತಿಯನ್ನು ಗೊತ್ತುಪಡಿಸಲು ಮೈಸೂರಿನ ಸಂಸ್ಥೆಯಲ್ಲಿ ದಶಕಗಳ ತಿಳಿವಳಿಕೆ ಇದೆ. ಸಣ್ಣ ತಯಾರಕರಿಗೆ, ಸ್ವಸಹಾಯ ಸಂಘಗಳಿಗೆ ಇದು ಹೊರೆಯಾಗುತ್ತದೆ ಎಂಬ ಮಾತು ಬರುತ್ತದೆ. ಕರಗುವ ಸಾರಜನಕದ ಪರೀಕ್ಷೆಗೆ ಬೇಕಾದದ್ದು ಅದೇ ಕೆಲ್ಡಾಲನ ಉಪಕರಣ, ನೀರಿನಲ್ಲಿ ಕದಡಿ ಸೋಸಿದ ತಿಳಿಯ ಮೇಲೆ ಇನ್ನೊಂದು ಸಲ. ನಿಜವಾಗಿ ಮೊಳಕೆ ಕಟ್ಟುವ ಸಂಘದ ಹೆಂಗಸರಿಗೆ ಈ ಅಂಕಿ ಹೊರೆಯಲ್ಲ, ದೊಡ್ಡ ಜಾಹೀರಾತುಗಳ ಎದುರು ಅವರ ಕೈಗೆ ಸಿಗುವ ಒಂದೇ ಪುರಾವೆ.

ಮೊದಲ ಹೆಜ್ಜೆ ಸರ್ಕಾರದ್ದೇ ಆಗಲಿ. 2024ರ ಫೆಬ್ರವರಿಯಿಂದ ರಾಜ್ಯದ ಶಾಲೆಗಳಲ್ಲಿ ಕ್ಷೀರಭಾಗ್ಯದ ಹಾಲಿನ ಜೊತೆ ವಾರಕ್ಕೆ ಮೂರು ದಿನ ರಾಗಿ ಮಾಲ್ಟ್ ಕೊಡುವ ಯೋಜನೆ ಶುರುವಾಗಿದೆ. ಒಳ್ಳೆಯ ಯೋಜನೆ. ಅದಕ್ಕೆ ಸೇರುವ ಹಿಟ್ಟಿನ ಷರತ್ತುಗಳಲ್ಲಿ ಪ್ರೋಟೀನ್ ಗ್ರಾಮಿನ ಪಕ್ಕದಲ್ಲಿ ಮೊಳಕೆಯ ಗಂಟೆಗಳನ್ನೂ ಕರಗುವ ಸಾರಜನಕದ ಪಾಲನ್ನೂ ಸೇರಿಸಿದರೆ, ಮಾರುಕಟ್ಟೆ ತಾನಾಗಿ ಹಿಂಬಾಲಿಸುತ್ತದೆ. ಅಂಗನವಾಡಿಗಳಿಗೆ ಹೋಗುವ ಕೂಸಿನ ಆಹಾರದಲ್ಲಿ ಇದು ಇನ್ನೂ ತುರ್ತು. ಅಲ್ಲಿಯವರೆಗೆ ಓದುಗರು ಮಾಡಬಹುದಾದ್ದು ಇಷ್ಟು: ಮುಂದಿನ ಸಲ ಮಾಲ್ಟಿನ ಪೊಟ್ಟಣ ಕೈಗೆತ್ತಿಕೊಂಡಾಗ ಪ್ರೋಟೀನ್ ಎಷ್ಟು ಗ್ರಾಂ ಎಂದು ನೋಡುವ ಮೊದಲು, ಎಷ್ಟು ಗಂಟೆ ಮೊಳಕೆ ಕಟ್ಟಿದ್ದೀರಿ ಎಂದು ಮಾರುವವರನ್ನು ಕೇಳಿ.